ಗೆಣಸಾ, ಆಲೂಗಡ್ಡೆನಾ? ಯಾರಿಗೆ ಯಾವುದು, ಹೇಗೆ ಬೇಯಿಸಿದ್ರೆ

ಡಯಟ್ ಶುರು ಮಾಡಿದವರೆಲ್ಲ ಒಂದಲ್ಲ ಒಂದಿನ ಕೇಳೋ ಪ್ರಶ್ನೆ ಇದು, ಆಲೂಗಡ್ಡೆ ಬಿಟ್ಟು ಗೆಣಸು ತಿನ್ನೋಕೆ ಶುರು ಮಾಡ್ಲಾ ಅಂತ. ಜಿಮ್ ಟ್ರೈನರ್ ಗೆಣಸು ತಿನ್ನಿ ಅಂತಾರೆ, ಶುಗರ್ ಇರೋರಿಗೆ ಯಾರೋ ಆಲೂಗಡ್ಡೆ ಮುಟ್ಲೇಬೇಡಿ ಅಂದಿರ್ತಾರೆ, ಇನ್ನೊಬ್ರು ಗೆಣಸು ಬಾಯಿಗಿಟ್ರೇನೆ ಸಿಹಿ, ಅದು ಹೆಂಗ್ರೀ ಶುಗರ್‌ಗೆ ಒಳ್ಳೇದಾಗತ್ತೆ ಅಂತ ತಿರುಗಿ ಕೇಳ್ತಾರೆ. ಮೂರೂ ಮಾತಲ್ಲಿ ಅರ್ಧರ್ಧ ನಿಜ ಇದೆ, ಅದಕ್ಕೇ ಗೊಂದಲ ಜಾಸ್ತಿ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಈ ಎರಡರ ಮಧ್ಯೆ ಜನ ಅಂದ್ಕೊಂಡಷ್ಟು ಅಂತರ ಇಲ್ಲ. ವಿಟಮಿನ್ ಎ ಒಂದರಲ್ಲಿ ಮಾತ್ರ ಭಾರಿ ವ್ಯತ್ಯಾಸ, ಅದೂ ಒಳಗಡೆ ಕಿತ್ತಳೆ ಬಣ್ಣ ಇರೋ ಗೆಣಸಾದ್ರೆ ಮಾತ್ರ. ಮಿಕ್ಕಿದ್ದೆಲ್ಲ ಹೇಗೆ ಬೇಯಿಸ್ತೀರಾ, ಎಷ್ಟು ತಿಂತೀರಾ ಅನ್ನೋದರ ಮೇಲೆ ಹೋಗತ್ತೆ.

ಹಾಗಾದ್ರೆ ಯಾವ ಲೆಕ್ಕದಲ್ಲಿ ಹೋಲಿಸೋದು? ನಾನು ನೋಡೋದು ಇಷ್ಟು: ಕ್ಯಾಲೊರಿ ಮತ್ತು ಪಿಷ್ಟ ಎಷ್ಟು, ವಿಟಮಿನ್ನು ಖನಿಜ ಏನೇನು ಸಿಗತ್ತೆ, ತಿಂದ ಮೇಲೆ ರಕ್ತದಲ್ಲಿ ಸಕ್ಕರೆ ಎಷ್ಟು ಬೇಗ ಏರತ್ತೆ, ಹೊಟ್ಟೆ ತುಂಬತ್ತಾ ಮತ್ತು ಜೀರ್ಣ ಆಗತ್ತಾ, ಆಮೇಲೆ ತಂದಿಟ್ರೆ ಎಷ್ಟು ದಿನ ಬಾಳತ್ತೆ. ಕೊನೇದು ಪೌಷ್ಟಿಕಾಂಶ ಅಲ್ಲ ಅಂತೀರೇನೋ, ಆದ್ರೆ ಕೊಳೆತು ಕಸಕ್ಕೆ ಹೋದ ತರಕಾರಿಯಲ್ಲಿ ವಿಟಮಿನ್ ಎಷ್ಟಿದ್ರೇನು ಬಂತು.

ಇನ್ನೊಂದು ವಿಷಯ ಗೊತ್ತಿದ್ರೆ ಮುಂದಿನದು ಸುಲಭ. ನೋಡೋಕೆ ದಾಯಾದಿಗಳ ಥರ ಕಂಡ್ರೂ ಇವೆರಡಕ್ಕೂ ಸಂಬಂಧನೇ ಇಲ್ಲ. ಆಲೂಗಡ್ಡೆ ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಕುಟುಂಬದ್ದು, ಗೆಣಸು ಮಾರ್ನಿಂಗ್ ಗ್ಲೋರಿ ಹೂಬಳ್ಳಿಯ ಕುಟುಂಬದ್ದು. ಆಲೂಗಡ್ಡೆ ಅನ್ನೋದು ಮಣ್ಣೊಳಗೆ ಊದಿಕೊಂಡ ಕಾಂಡ, ಅದಕ್ಕೇ ಅದರ ಮೈಮೇಲೆ ಕಣ್ಣುಗಳಿರತ್ತೆ, ಮೊಳಕೆ ಅಲ್ಲಿಂದ್ಲೇ ಬರತ್ತೆ. ಗೆಣಸು ನಿಜವಾದ ಬೇರು, ಕತ್ತರಿಸಿದ ತಕ್ಷಣ ಅಂಚಲ್ಲಿ ಹಾಲಿನಂಥ ಅಂಟು ಹನಿ ಹನಿಯಾಗಿ ಬರತ್ತೆ ನೋಡಿ. ಎರಡರ ತವರೂ ಅಮೆರಿಕ ಖಂಡಗಳೇ, ಆಲೂಗಡ್ಡೆ ಆಂಡಿಸ್ ಬೆಟ್ಟಗಳ ಕಡೆಯಿಂದ ಬಂದಿದ್ದು. ಅಂದಹಾಗೆ ಗೆಣಸಿನ ಸೊಪ್ಪನ್ನ ಬೇಯಿಸಿ ತಿನ್ನಬಹುದು, ಆಲೂಗಡ್ಡೆ ಸೊಪ್ಪು ವಿಷ, ಅದನ್ನ ಮಾತ್ರ ಟ್ರೈ ಮಾಡೋಕೆ ಹೋಗ್ಬೇಡಿ.

ಕ್ಯಾಲೊರಿ, ಪಿಷ್ಟ, ನಾರು

ಸಿಪ್ಪೆ ಸಮೇತ ಓವನ್‌ನಲ್ಲಿ ಬೇಯಿಸಿದ 100 ಗ್ರಾಂ ಲೆಕ್ಕ ತಗೊಳ್ಳೋಣ, ಎಣ್ಣೆ ಬೆಣ್ಣೆ ಏನೂ ಹಾಕದೆ. ಆಲೂಗಡ್ಡೆಯಲ್ಲಿ ಸುಮಾರು 93 ಕ್ಯಾಲೊರಿ, ಗೆಣಸಲ್ಲಿ ಸುಮಾರು 90. ಕಾರ್ಬೋಹೈಡ್ರೇಟ್ ಎರಡರಲ್ಲೂ 21 ಗ್ರಾಂ ಹತ್ತಿರ. ಪ್ರೊಟೀನ್ ಆಲೂಗಡ್ಡೆಯಲ್ಲಿ ಎರಡೂವರೆ ಗ್ರಾಂ, ಗೆಣಸಲ್ಲಿ ಎರಡು, ಕೊಬ್ಬು ಎರಡರಲ್ಲೂ ಇಲ್ಲ ಅನ್ನೋವಷ್ಟು ಕಡಿಮೆ. ಅಂದ್ರೆ ತೂಕ ಇಳಿಸ್ಬೇಕು ಅಂತ ಬರೀ ಆಲೂಗಡ್ಡೆ ಜಾಗಕ್ಕೆ ಅಷ್ಟೇ ಗೆಣಸು ತಂದಿಟ್ರೆ ಕ್ಯಾಲೊರಿ ಲೆಕ್ಕದಲ್ಲಿ ನಯಾಪೈಸೆ ಉಳಿತಾಯ ಇಲ್ಲ. ಇದನ್ನ ಹೇಳಿದ್ರೆ ತುಂಬಾ ಜನಕ್ಕೆ ಬೇಜಾರಾಗತ್ತೆ, ಏನ್ಮಾಡೋದು, ಅಂಕಿ ಹಾಗೇ ಇದೆ.

ವ್ಯತ್ಯಾಸ ಇರೋದು ಆ 21 ಗ್ರಾಂ ಒಳಗಡೆ ಏನಿದೆ ಅನ್ನೋದ್ರಲ್ಲಿ. ಗೆಣಸಲ್ಲಿ ನಾರು ಸುಮಾರು 3.3 ಗ್ರಾಂ, ಆಲೂಗಡ್ಡೆಯಲ್ಲಿ 2.2. ಹಾಗೇ ಗೆಣಸಲ್ಲಿ ಸಕ್ಕರೆ ಆರೂವರೆ ಗ್ರಾಂ ಹತ್ತಿರ, ಆಲೂಗಡ್ಡೆಯಲ್ಲಿ ಒಂದು ಗ್ರಾಂ ಚಿಲ್ಲರೆ, ಮಿಕ್ಕಿದ್ದೆಲ್ಲ ಪಿಷ್ಟ. ಸಿಪ್ಪೆ ತೆಗೆದು ಬಿಸಾಕಿದ್ರೆ ಎರಡರಲ್ಲೂ ನಾರು ಕಡಿಮೆ ಆಗತ್ತೆ, ಆದ್ದರಿಂದ ಚೆನ್ನಾಗಿ ಉಜ್ಜಿ ತೊಳೆದು ಸಿಪ್ಪೆ ಸಮೇತ ತಿನ್ನೋಕಾದ್ರೆ ಅದೇ ಒಳ್ಳೇದು.

ವಿಟಮಿನ್ ಎ, ಇಲ್ಲಿ ಸ್ಪರ್ಧೆನೇ ಇಲ್ಲ

ಕಿತ್ತಳೆ ಬಣ್ಣದ ಗೆಣಸು 100 ಗ್ರಾಂ ಬೇಕ್ ಮಾಡಿ ತಿಂದ್ರೆ ಸುಮಾರು 960 ಮೈಕ್ರೋಗ್ರಾಂ ವಿಟಮಿನ್ ಎ ಸಿಕ್ಕಿದಂಗೆ. ದೊಡ್ಡವರಿಗೆ ದಿನಕ್ಕೆ ಬೇಕಾಗಿರೋದು 700ರಿಂದ 900ರ ಆಸುಪಾಸು. ಅಂದ್ರೆ ಒಂದು ಮಧ್ಯಮ ಗಾತ್ರದ ಗೆಣಸಲ್ಲಿ ಆ ದಿನದ ಕೋಟಾ ಮುಗೀತು. ಆಲೂಗಡ್ಡೆಯಲ್ಲಿ ಇದು ಹೆಚ್ಚುಕಮ್ಮಿ ಸೊನ್ನೆ.

ಆದ್ರೆ ಇದೆಲ್ಲ ಕಿತ್ತಳೆ ತಿರುಳಿನ ಮಾತು. ಹೊರಗಡೆ ಕೆಂಪು ಸಿಪ್ಪೆ ಇದ್ದು ಒಳಗಡೆ ಬಿಳಿ ಅಥವಾ ಕೆನೆಬಣ್ಣ ಇರೋ ಗೆಣಸಲ್ಲಿ ಬೀಟಾ ಕ್ಯಾರೋಟೀನ್, ಅಂದ್ರೆ ದೇಹ ವಿಟಮಿನ್ ಎ ಮಾಡ್ಕೊಳ್ಳೋ ವಸ್ತು, ತೀರಾ ಕಡಿಮೆ, ಯಾಕಂದ್ರೆ ಆ ಕಿತ್ತಳೆ ಬಣ್ಣನೇ ಬೀಟಾ ಕ್ಯಾರೋಟೀನು. ಗೆಣಸಲ್ಲಿ ವಿಟಮಿನ್ ಎ ತುಂಬಿ ತುಳುಕತ್ತೆ ಅಂತ ಓದಿ ಬಿಳಿ ಗೆಣಸು ತಂದು ತಿಂದ್ರೆ ಆ ಲಾಭ ಸಿಗಲ್ಲ, ನಾರು ಸಿಗತ್ತೆ ಅಷ್ಟೇ. ಸಿಪ್ಪೆ ನೋಡಿ ಹೇಳೋದು ಕಷ್ಟ, ತುದಿಯಲ್ಲಿ ಉಗುರಿಂದ ಸ್ವಲ್ಪ ಕೆರೆದು ನೋಡಿದ್ರೆ ಗೊತ್ತಾಗತ್ತೆ. ನೇರಳೆ ತಿರುಳಿನದ್ದೂ ಬರತ್ತೆ, ಅದರಲ್ಲಿರೋದು ಆಂಥೋಸಯನಿನ್, ಆಂಟಿಆಕ್ಸಿಡೆಂಟ್ ಗುಂಪಿಗೆ ಸೇರಿದ್ದು, ವಿಟಮಿನ್ ಎ ಬೇರೆ ಇದು ಬೇರೆ.

ಈ ಬಣ್ಣದ ವಿಷಯ ಎಷ್ಟು ಮುಖ್ಯ ಅಂದ್ರೆ, ಆಹಾರ ಕ್ಷೇತ್ರದ ದೊಡ್ಡ ಪ್ರಶಸ್ತಿಯಾದ ವರ್ಲ್ಡ್ ಫುಡ್ ಪ್ರೈಜ್ 2016ರಲ್ಲಿ ಬಂದ ನಾಲ್ವರಲ್ಲಿ ಮೂವರು, ಮರಿಯಾ ಆಂಡ್ರೇಡ್, ರಾಬರ್ಟ್ ಮ್ವಾಂಗಾ, ಜಾನ್ ಲೋ, ಆಫ್ರಿಕಾದಲ್ಲಿ ಕಿತ್ತಳೆ ತಿರುಳಿನ ಗೆಣಸನ್ನ ಬೆಳೆಸಿ ಹರಡಿದವರು. ಅಲ್ಲಿ ರೂಢಿಯಲ್ಲಿದ್ದದ್ದು ಹೆಚ್ಚಾಗಿ ಬಿಳಿ ಗೆಣಸು, ಮಕ್ಕಳಲ್ಲಿ ವಿಟಮಿನ್ ಎ ಕೊರತೆ ದೊಡ್ಡ ಸಮಸ್ಯೆ, ಗೆಣಸು ಬಿಡಿಸದೆ ಗೆಣಸಿನ ಬಣ್ಣ ಬದಲಾಯಿಸಿದ್ರು ಅನ್ನಿ.

ಬೀಟಾ ಕ್ಯಾರೋಟೀನ್ ಮೈಗೆ ಹತ್ತಬೇಕು ಅಂದ್ರೆ ಜೊತೆಗೆ ಸ್ವಲ್ಪ ಕೊಬ್ಬು ಬೇಕು, ಒಂದು ಚಮಚ ಎಣ್ಣೆಯೋ ತುಪ್ಪವೋ ಅಥವಾ ನಾಲ್ಕು ಕಡ್ಲೆಕಾಯಿ ಬೀಜವೋ ಸಾಕು. ವಿಟಮಿನ್ ಎ ಜಾಸ್ತಿಯಾದ್ರೆ ತೊಂದರೆ ಅಂತಾರಲ್ಲ ಅಂತ ಹೆದರೋರಿಗೆ ಒಂದು ಮಾತು: ಆ ಎಚ್ಚರಿಕೆ ಇರೋದು ಮಾತ್ರೆ ಮತ್ತು ಪ್ರಾಣಿಗಳ ಲಿವರ್‌ನಲ್ಲಿ ಸಿಗೋ ರೆಟಿನಾಲ್‌ಗೆ, ಅಂದ್ರೆ ಸಿದ್ಧ ರೂಪದ ವಿಟಮಿನ್ ಎಗೆ, ತರಕಾರಿಯ ಕ್ಯಾರೋಟೀನನ್ನ ದೇಹ ತನಗೆ ಬೇಕಾದಷ್ಟೇ ವಿಟಮಿನ್ ಎ ಮಾಡ್ಕೊಳ್ಳತ್ತೆ. ದಿನಾ ಮೂರು ಹೊತ್ತೂ ಅದನ್ನೇ ತಿಂದ್ರೆ ಅಂಗೈ ಹಳದಿ ಆಗ್ಬಹುದು, ತಿನ್ನೋದು ಕಡಿಮೆ ಮಾಡಿದ್ರೆ ಹೋಗತ್ತೆ.

ಪೊಟ್ಯಾಸಿಯಂನಲ್ಲಿ ಆಲೂಗಡ್ಡೆ ಮುಂದೆ

ಪಾಪ ಆಲೂಗಡ್ಡೆಗೆ ಏನೂ ಇಲ್ಲ ಅನ್ನೋ ಹೆಸರು ಬಂದುಬಿಟ್ಟಿದೆ. ಸಿಪ್ಪೆ ಸಮೇತ ಬೇಕ್ ಮಾಡಿದ 100 ಗ್ರಾಂನಲ್ಲಿ ಸುಮಾರು 535 ಮಿಲಿಗ್ರಾಂ ಪೊಟ್ಯಾಸಿಯಂ ಇದೆ, ಗೆಣಸಲ್ಲಿ ಸುಮಾರು 475. ಪೊಟ್ಯಾಸಿಯಂ ಅಂದ ತಕ್ಷಣ ಎಲ್ಲರೂ ನೆನಪಿಸ್ಕೊಳ್ಳೋ ಬಾಳೆಹಣ್ಣಲ್ಲಿ 360ರ ಹತ್ತಿರ ಅಷ್ಟೇ. ಬಿಪಿ ಇರೋರು ಉಪ್ಪು ಕಡಿಮೆ ಮಾಡಿ ಪೊಟ್ಯಾಸಿಯಂ ಜಾಸ್ತಿ ಮಾಡಿ ಅಂತ ಡಾಕ್ಟ್ರು ಹೇಳಿದ್ರೆ ಎರಡೂ ಗಡ್ಡೆ ಕೆಲಸಕ್ಕೆ ಬರತ್ತೆ, ಉಪ್ಪು ಉದುರಿಸಿದ ಚಿಪ್ಸ್ ರೂಪದಲ್ಲಿ ಮಾತ್ರ ಅಲ್ಲ.

ವಿಟಮಿನ್ ಸಿ ಬೇಕ್ ಮಾಡಿದ ಗೆಣಸಲ್ಲಿ 20 ಮಿಲಿಗ್ರಾಂ ಹತ್ತಿರ, ಆಲೂಗಡ್ಡೆಯಲ್ಲಿ 10 ಹತ್ತಿರ. ಆದ್ರೆ ಇದು ಬೇಯಿಸೋ ರೀತಿಗೆ ತುಂಬಾ ಬದಲಾಗೋ ಅಂಕಿ. ಆಲೂಗಡ್ಡೆನ ಸಿಪ್ಪೆ ಸಮೇತ ಬೇಯಿಸಿ ಆಮೇಲೆ ಸುಲಿದ್ರೆ 13 ಮಿಲಿಗ್ರಾಂ ಉಳಿಯತ್ತೆ, ಮೊದಲೇ ಸುಲಿದು ಬೇಯಿಸಿದ್ರೆ ಏಳು ಚಿಲ್ಲರೆಗೆ ಇಳಿಯತ್ತೆ, ಬಾಕಿದು ನೀರಿಗೆ ಹೋಗತ್ತೆ ಇಲ್ಲಾ ಶಾಖಕ್ಕೆ ಹಾಳಾಗತ್ತೆ. ಸಿಪ್ಪೆ ಸಮೇತ ಬೇಯಿಸಿ ಅನ್ನೋದು ಬರೀ ಸೋಮಾರಿಗಳ ಸಲಹೆ ಅಲ್ಲ. ಬಿ6 ಎರಡರಲ್ಲೂ ಸರಿಸಮ, 0.3 ಮಿಲಿಗ್ರಾಂ. ಕಬ್ಬಿಣ ಆಲೂಗಡ್ಡೆಯಲ್ಲಿ ಸ್ವಲ್ಪ ಜಾಸ್ತಿ, ಕ್ಯಾಲ್ಸಿಯಂ ಗೆಣಸಲ್ಲಿ ಸ್ವಲ್ಪ ಜಾಸ್ತಿ, ಆದ್ರೆ ಎರಡೂ ಇವುಗಳಿಗೋಸ್ಕರ ತಿನ್ನೋ ವಸ್ತುಗಳಲ್ಲ.

ಶುಗರ್ ಇರೋರು ಇಲ್ಲಿ ನಿಧಾನಕ್ಕೆ ಓದಿ

ಗೆಣಸಿನ ಗ್ಲೈಸಿಮಿಕ್ ಇಂಡೆಕ್ಸ್ (ತಿಂದ ಮೇಲೆ ರಕ್ತದಲ್ಲಿ ಸಕ್ಕರೆ ಎಷ್ಟು ಬೇಗ ಏರತ್ತೆ ಅಂತ ತೋರಿಸೋ ಅಂಕಿ) ಕಡಿಮೆ, ಆದ್ದರಿಂದ ಶುಗರ್‌ಗೆ ಒಳ್ಳೇದು ಅನ್ನೋ ಮಾತು ಎಲ್ಲಾ ಕಡೆ ಓಡಾಡ್ತಿದೆ. ನೀರಲ್ಲಿ ಬೇಯಿಸಿದ ಗೆಣಸನ್ನ ಆಲೂಗಡ್ಡೆ ಜೊತೆ ಹೋಲಿಸಿದ್ರೆ ಅದು ಸರಿ. ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ನೀರಲ್ಲಿ ಬೇಯಿಸಿದ ಗೆಣಸಿನ ಸರಾಸರಿ 63, ನೀರಲ್ಲಿ ಬೇಯಿಸಿದ ಆಲೂಗಡ್ಡೆದು 78, ಪುಡಿಯಿಂದ ಮಾಡೋ ಇನ್‌ಸ್ಟಂಟ್ ಮ್ಯಾಶ್‌ದು 87. ಶುದ್ಧ ಗ್ಲೂಕೋಸ್ 100 ಅಂತ ಇಟ್ಕೊಂಡು ಹೇಳೋ ಲೆಕ್ಕ ಇದು.

ಈಗ ಅದೇ ಗೆಣಸನ್ನ ಓವನ್‌ನಲ್ಲೋ ಕೆಂಡದಲ್ಲೋ ಸುಡಿ. ಜಮೈಕಾದ ಹತ್ತು ತಳಿ ಗೆಣಸಿನ ಮೇಲೆ ಮಾಡಿದ ಪರೀಕ್ಷೆಯಲ್ಲಿ ನೀರಲ್ಲಿ ಬೇಯಿಸಿದ್ದು 41ರಿಂದ 50 ಇತ್ತು, ಬೇಕ್ ಮಾಡಿದ್ದು 82ರಿಂದ 94ಕ್ಕೆ ಹಾರಿತ್ತು. ಅದೇ ಗೆಣಸು, ಬೇಯಿಸೋ ರೀತಿ ಬೇರೆ, ಅಷ್ಟೇ. ಬೇಯಿಸಿದ ಆಲೂಗಡ್ಡೆನ ಬಿಟ್ಟು ಸುಟ್ಟ ಗೆಣಸು ತಿಂದ ಶುಗರ್ ಪೇಶೆಂಟು ಒಳ್ಳೇದು ಮಾಡ್ಕೊಂಡೆ ಅಂದ್ಕೊಂಡು ಇರೋದಕ್ಕಿಂತ ಕೆಟ್ಟ ಕಡೆಗೆ ಹೋಗಿರ್ತಾರೆ.

ಇದ್ಯಾಕೆ ಹೀಗೆ ಅಂದ್ರೆ ಗೆಣಸಲ್ಲಿ ಬೀಟಾ ಅಮೈಲೇಸ್ ಅನ್ನೋ ಕಿಣ್ವ ಇದೆ, ಗೆಣಸು ನಿಧಾನಕ್ಕೆ ಬಿಸಿಯಾಗ್ತಾ ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ದಾಟೋ ಹೊತ್ತಲ್ಲಿ ಅದು ಪಿಷ್ಟನ ಕತ್ತರಿಸಿ ಮಾಲ್ಟೋಸ್ ಅನ್ನೋ ಸಕ್ಕರೆ ಮಾಡತ್ತೆ. ಓವನ್‌ನಲ್ಲಿ ಇಡೀ ಗೆಣಸು ಇಟ್ಟಾಗ ಒಳಗಿನ ತಿರುಳು ಆ ಶಾಖದಲ್ಲಿ ತುಂಬಾ ಹೊತ್ತು ಇರತ್ತೆ. ಸಿಪ್ಪೆ ಬಿರಿದು ಕಂದುಬಣ್ಣದ ಅಂಟು ಪಾಕ ಟ್ರೇ ಮೇಲೆ ಇಳಿದು ಅಂಚಲ್ಲಿ ಕರಕಲಾಗಿರೋದನ್ನ ನೋಡಿರ್ತೀರಲ್ಲ, ನೀವು ಸಕ್ಕರೆ ಹಾಕಿರಲ್ಲ, ಅದು ಗೆಣಸು ತಾನೇ ಮಾಡ್ಕೊಂಡ ಮಾಲ್ಟೋಸು. ಮೈಕ್ರೋವೇವ್‌ನಲ್ಲಿ ಬೇಯಿಸಿದ್ರೆ ಬೇಗ ಬಿಸಿಯಾಗಿ ಕಿಣ್ವ ಸತ್ತೋಗತ್ತೆ, ಅದಕ್ಕೇ ಅಷ್ಟು ಸಿಹಿ ಬರಲ್ಲ. ರುಚಿಗೆ ಓವನ್ನೇ ಮೇಲು ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ, ಶುಗರ್ ಮೀಟರ್ ಮಾತ್ರ ಬೇರೆ ಹೇಳತ್ತೆ.

ಆಲೂಗಡ್ಡೆ ಕಡೆಗೂ ಒಂದು ಒಳ್ಳೆ ಉಪಾಯ ಇದೆ. ಬೇಯಿಸಿ, ರಾತ್ರಿ ಫ್ರಿಡ್ಜ್‌ನಲ್ಲಿಟ್ಟು, ಮಾರನೇ ದಿನ ತಣ್ಣಗೇ ಸಲಾಡ್ ಥರ ತಿಂದ್ರೆ ಪಿಷ್ಟದ ಒಂದು ಭಾಗ ರೆಸಿಸ್ಟೆಂಟ್ ಸ್ಟಾರ್ಚ್ ಆಗಿರತ್ತೆ, ಅಂದ್ರೆ ಸಣ್ಣ ಕರುಳಲ್ಲಿ ಕರಗದೆ ನಾರಿನ ಥರ ಮುಂದೆ ಹೋಗತ್ತೆ. ಕೆಂಪು ಆಲೂಗಡ್ಡೆ ಮೇಲೆ ಮಾಡಿದ ಒಂದು ಪರೀಕ್ಷೆಯಲ್ಲಿ ಇಂಡೆಕ್ಸ್ ಬಿಸಿಬಿಸಿದು 89 ಇದ್ದದ್ದು ತಣ್ಣಗೆ ತಿಂದಾಗ 56ಕ್ಕೆ ಇಳಿದಿತ್ತು. ತಿರುಗಿ ಬಿಸಿ ಮಾಡಿದ್ರೂ ಆ ಪಿಷ್ಟ ಪೂರ್ತಿ ಹೋಗಲ್ಲ. ಜೊತೆಗೆ ನಿಂಬೆರಸ ಅಥವಾ ವಿನೆಗರ್, ಒಂದಿಷ್ಟು ಕಾಳು, ಮೊಸರು, ಮೊಟ್ಟೆ ಏನಾದ್ರೂ ಇದ್ರೆ ಸಕ್ಕರೆ ಏರೋ ವೇಗ ಇನ್ನೂ ಕಡಿಮೆ ಆಗತ್ತೆ. ಒಂದು ಮಾತು ಮರೀಬೇಡಿ, ಇಂಡೆಕ್ಸ್ ಹೇಳೋದು ವೇಗ, ನೀವು ಎಷ್ಟು ತಿಂದ್ರಿ ಅನ್ನೋದನ್ನ ಅದು ಲೆಕ್ಕಕ್ಕೆ ತಗೊಳ್ಳಲ್ಲ. ಅರ್ಧ ಕೆಜಿ ಬೇಯಿಸಿದ ಗೆಣಸು ತಿಂದು 63 ಅಲ್ವಾ ಅಂದ್ರೆ ಆಗಲ್ಲ.

ಹೊಟ್ಟೆ ತುಂಬೋದು, ಜೀರ್ಣ

1995ರಲ್ಲಿ ಸಿಡ್ನಿ ಯೂನಿವರ್ಸಿಟಿಯ ಸುಸಾನಾ ಹೋಲ್ಟ್ ಮತ್ತೆ ಅವರ ಜೊತೆಯವರು 38 ಬಗೆ ತಿಂಡಿ ತಿನಿಸನ್ನ ಒಂದೇ ಅಳತೆಯ ಕ್ಯಾಲೊರಿಗೆ ಕೊಟ್ಟು ಯಾವುದು ಜಾಸ್ತಿ ಹೊತ್ತು ಹೊಟ್ಟೆ ತುಂಬಿಸತ್ತೆ ಅಂತ ನೋಡಿದ್ರು. ಬಿಳಿ ಬ್ರೆಡ್‌ಗೆ 100 ಅಂತ ಇಟ್ರೆ ಬೇಯಿಸಿದ ಆಲೂಗಡ್ಡೆಗೆ 323 ಬಂತು, ಇಡೀ ಪಟ್ಟಿಗೇ ಮೊದಲನೇ ಸ್ಥಾನ. ಅದೇ ಆಲೂಗಡ್ಡೆ ಫ್ರೆಂಚ್ ಫ್ರೈಸ್ ಆದಾಗ 116. ಆ ಪಟ್ಟಿಯಲ್ಲಿ ಗೆಣಸು ಇರ್ಲಿಲ್ಲ, ಹಾಗಾಗಿ ನೇರ ಹೋಲಿಕೆ ಮಾಡೋಕಾಗಲ್ಲ, ಆದ್ರೆ ತೂಕ ಇಳಿಸೋರು ಆಲೂಗಡ್ಡೆನ ಶತ್ರು ಥರ ನೋಡೋದು ಎಷ್ಟು ಅನ್ಯಾಯ ಅಂತ ಇದರಿಂದ ಗೊತ್ತಾಗತ್ತೆ. ಸಮಸ್ಯೆ ಇರೋದು ಎಣ್ಣೆ ಬಾಣಲೆಯಲ್ಲಿ.

ಜೀರ್ಣದ ವಿಷಯದಲ್ಲಿ ಗೆಣಸಲ್ಲಿ ಮ್ಯಾನಿಟಾಲ್ ಅನ್ನೋ ಒಂದು ಶುಗರ್ ಆಲ್ಕೋಹಾಲ್ ಇದೆ (ಹೆಸರು ಹಾಗಿದ್ರೂ ಕುಡಿಯೋ ಮದ್ಯ ಅಲ್ಲ), ಕೆಲವರಿಗೆ, ಅದ್ರಲ್ಲೂ ಐಬಿಎಸ್ (ಕರುಳು ಸೂಕ್ಷ್ಮವಾಗಿ ಆಗಾಗ ಹೊಟ್ಟೆ ಕೆಡೋದು) ತೊಂದರೆ ಇರೋರಿಗೆ, ಜಾಸ್ತಿ ತಿಂದ್ರೆ ಹೊಟ್ಟೆ ಉಬ್ಬರ, ಗ್ಯಾಸ್ ಆಗತ್ತೆ. ಅಂಥೋರಿಗೆ ಸಾದಾ ಬೇಯಿಸಿದ ಆಲೂಗಡ್ಡೆ ಹಗುರ. ಮಲಬದ್ಧತೆ ಇರೋರಿಗೆ ಗೆಣಸಿನ ನಾರು ಅನುಕೂಲ, ಜೊತೆಗೆ ನೀರು ಕುಡೀಬೇಕು.

ಕರಿದ್ರೆ ಎರಡೂ ಒಂದೇ

ಗೆಣಸಿನ ಚಿಪ್ಸ್ ಪ್ಯಾಕೆಟ್ ಮೇಲೆ ಹಸಿರು ಎಲೆ ಚಿತ್ರ ಹಾಕಿ ಹೆಲ್ದಿ ಅಂತ ಬರೆದಿರೋದನ್ನ ನಂಬಿ ಡಬಲ್ ದುಡ್ಡು ಕೊಡೋರಿಗೆ ಈ ಪ್ಯಾರಾ. ಫ್ರೆಂಚ್ ಫ್ರೈಸ್ 100 ಗ್ರಾಂನಲ್ಲಿ ಸುಮಾರು 310 ಕ್ಯಾಲೊರಿ, 15 ಗ್ರಾಂ ಕೊಬ್ಬು. ಚಿಪ್ಸ್ ಆದ್ರೆ 530ಕ್ಕಿಂತ ಮೇಲೆ, ಆಲೂದಾಗ್ಲಿ ಗೆಣಸಿದ್ದಾಗ್ಲಿ ಅಂಥ ಫರಕ್ ಇಲ್ಲ. ನೀರು ಆರಿಹೋಗಿ ಆ ಜಾಗಕ್ಕೆ ಎಣ್ಣೆ ಬಂದು ಕೂತಿರತ್ತೆ. ಇದರ ಜೊತೆ ಅಕ್ರಿಲಮೈಡ್ ಅನ್ನೋದೊಂದಿದೆ, ಕ್ಯಾನ್ಸರ್ ತರಬಹುದು ಅನ್ನೋ ಅನುಮಾನ ಇರೋ ರಾಸಾಯನಿಕ, ಪಿಷ್ಟ ಇರೋ ಪದಾರ್ಥನ 120 ಡಿಗ್ರಿ ಮೇಲೆ ಕರಿದಾಗ, ಹುರಿದಾಗ ಹುಟ್ಟೋದು, ಆಹಾರದಲ್ಲಿ ಇದೆ ಅಂತ 2002ರಲ್ಲಿ ಸ್ವೀಡನ್ ವಿಜ್ಞಾನಿಗಳು ತೋರಿಸಿದ್ರು. ನೀರಲ್ಲಿ ಬೇಯಿಸಿದ್ರೆ ಇದು ಆಗಲ್ಲ. ಕರಿಯೋದಾದ್ರೆ ಹೊಂಬಣ್ಣಕ್ಕೇ ನಿಲ್ಲಿಸಿ, ಕಂದು ಆಗೋವರೆಗೂ ಬಿಡ್ಬೇಡಿ.

ಇಟ್ಕೊಳ್ಳೋದು, ಹಾಳಾದದ್ದನ್ನ ಗುರುತಿಸೋದು

ಬಜೆಟ್ ಬಿಗಿ ಇರೋರಿಗೆ ಸಾಮಾನ್ಯವಾಗಿ ಆಲೂಗಡ್ಡೆನೇ ಅನುಕೂಲ, ತಂಪಾಗಿ ಕತ್ತಲಲ್ಲಿ ಗಾಳಿ ಆಡೋ ಕಡೆ ಇಟ್ರೆ ವಾರಗಟ್ಟಲೆ ಬಾಳತ್ತೆ. ಹಸಿ ಆಲೂಗಡ್ಡೆನ ಫ್ರಿಡ್ಜ್‌ನಲ್ಲಿಟ್ರೆ ಪಿಷ್ಟ ಸಕ್ಕರೆಯಾಗತ್ತೆ, ಕರಿದಾಗ ಬೇಗ ಕಪ್ಪಗಾಗತ್ತೆ. ಹಸಿ ಗೆಣಸಿಗಂತೂ ಫ್ರಿಡ್ಜ್ ಆಗಲ್ಲವೇ ಆಗಲ್ಲ, ಚಳಿ ಹೊಡೆದ ಗೆಣಸಿನ ನಡುವಿನ ತಿರುಳು ಎಷ್ಟು ಬೇಯಿಸಿದ್ರೂ ಗಟ್ಟಿ ಉಳಿಯತ್ತೆ. ಸಿಪ್ಪೆ ತೆಳು, ತರಚಿದ ಕಡೆಯಿಂದ ಕೊಳೆಯೋಕೆ ಶುರು, ಆದ್ದರಿಂದ ಒಂದು ವಾರಕ್ಕೆ ಬೇಕಾದಷ್ಟೇ ತನ್ನಿ.

ಆಲೂಗಡ್ಡೆ ಬೆಳಕಲ್ಲಿದ್ರೆ ಹಸಿರಾಗತ್ತೆ. ಆ ಹಸಿರು ಬರೀ ಕ್ಲೋರೋಫಿಲ್, ಆದ್ರೆ ಅದರ ಜೊತೆಗೇ ಸೋಲನಿನ್ ಅನ್ನೋ ವಿಷಾನೂ ಏರಿರತ್ತೆ, ಬೇಯಿಸಿದ್ರೆ ಹೋಗೋದಲ್ಲ ಅದು. ಸಿಪ್ಪೆನ ಉಗುರಿಂದ ಕೆರೆದು ನೋಡಿ, ಹಸಿರು ಮೇಲ್ಮೇಲೆ ಚೂರು ಇದ್ರೆ ದಪ್ಪಗೆ ಕತ್ತರಿಸಿ ತೆಗೀರಿ, ಒಳಗೂ ಇಳಿದಿದ್ರೆ ಅಥವಾ ಬಾಯಿಗಿಟ್ಟಾಗ ಕಹಿ ಅನ್ಸಿದ್ರೆ ಬಿಸಾಕಿ. ಮೊಳಕೆ ಬಂದ ಗೆಣಸು ಗಟ್ಟಿಯಾಗಿದ್ರೆ ತಿನ್ನಬಹುದು, ಬೂಷ್ಟು ಹಿಡಿದದ್ದು, ಕಹಿ ವಾಸನೆ ಬರೋದು ಬೇಡ.

ಹಾಗಾದ್ರೆ ನೀವು ಯಾವುದು ತರೋದು

ಮನೇಲಿ ಪುಟ್ಟ ಮಕ್ಕಳಿದ್ದು, ಸೊಪ್ಪು ಕ್ಯಾರೆಟ್ ಮುಟ್ಟಲ್ಲ ಅಂತಾದ್ರೆ ಕಿತ್ತಳೆ ಗೆಣಸು, ಎರಡನೇ ಯೋಚನೆ ಬೇಡ. ಸಿಹಿ ಇರೋದ್ರಿಂದ ಮಕ್ಕಳು ತಿಂತಾರೆ, ಆರು ತಿಂಗಳು ದಾಟಿದ ಮಗುವಿಗೆ ಮೆತ್ತಗೆ ಹಿಸುಕಿ ಕೊಡಬಹುದು. ಸೊಪ್ಪು, ಕ್ಯಾರೆಟ್, ಪಪ್ಪಾಯ, ಮಾವಿನಹಣ್ಣು ಎಲ್ಲಾ ಚೆನ್ನಾಗಿ ತಿನ್ನೋ ಮನೆಯಾದ್ರೆ ವಿಟಮಿನ್ ಎಗೋಸ್ಕರ ಗೆಣಸಿನ ಹಿಂದೆ ಬೀಳೋ ಅವಶ್ಯಕತೆ ಇಲ್ಲ, ಆಲೂಗಡ್ಡೆ ಆರಾಮಾಗಿ ತಿನ್ನಿ.

ಶುಗರ್ ಇರೋರು ನೀರಲ್ಲಿ ಬೇಯಿಸಿದ ಗೆಣಸು ಅಥವಾ ಬೇಯಿಸಿ ತಣ್ಣಗಾದ ಆಲೂಗಡ್ಡೆ, ಎರಡರಲ್ಲಿ ಯಾವುದಾದ್ರೂ ಸರಿ, ಅನ್ನನೋ ರೊಟ್ಟಿನೋ ಅಷ್ಟು ಕಡಿಮೆ ಮಾಡಿ ಅದರ ಬದಲಿಗೆ ತಿನ್ನಬೇಕು, ಅದರ ಮೇಲೆ ಇದನ್ನೂ ಸೇರಿಸೋದಲ್ಲ. ಮೀಟರ್ ಮನೇಲಿದ್ರೆ ತಿಂದ ಎರಡು ಗಂಟೆಗೆ ಒಂದ್ಸಲ ನೋಡ್ಕೊಳ್ಳಿ, ಒಬ್ಬೊಬ್ಬರ ಮೈ ಒಂದೊಂದು ಥರ, ನನ್ನ ಮಾತಿಗಿಂತ ಆ ಅಂಕಿ ನಿಮಗೆ ಹತ್ತಿರದ್ದು.

ತೂಕ ಇಳಿಸೋರಿಗೆ ನನ್ನ ವೋಟು ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆಗೆ, ಬೆಣ್ಣೆ ಚೀಸ್ ಇಲ್ಲದೆ. ಸಿಹಿ ತಿನ್ನೋ ಚಪಲ ಬಿಡೋಕಾಗ್ತಿಲ್ಲ ಅನ್ನೋರಾದ್ರೆ ಗೆಣಸು, ಅರ್ಧ ಗೆಣಸಲ್ಲಿ ಬಾಯಿ ಚಪಲ ತೀರಿದ್ರೆ ಒಂದು ಪೀಸ್ ಸ್ವೀಟ್ ಉಳೀತಲ್ಲ. ಓಟ, ಸೈಕ್ಲಿಂಗ್, ಜಿಮ್ ಮಾಡೋರಿಗೆ ವರ್ಕೌಟ್ ಮುಗಿದ ತಕ್ಷಣ ಬೇಗ ಏರೋ ಪಿಷ್ಟನೇ ಬೇಕಾಗಿರೋದು, ಬಿಸಿ ಆಲೂಗಡ್ಡೆ ಅಲ್ಲಿ ಸರಿಯಾಗಿ ಹೊಂದತ್ತೆ, ಸುಟ್ಟ ಗೆಣಸೂ ಅಷ್ಟೇ. ಟ್ರೈನರ್ ಗೆಣಸೇ ಆಗ್ಬೇಕು ಅಂದ್ರೆ ಯಾಕೆ ಅಂತ ಒಂದ್ಸಲ ಕೇಳಿ ನೋಡಿ.

ಕಿಡ್ನಿ ತೊಂದರೆ ಇರೋರು, ಮತ್ತೆ ಪೊಟ್ಯಾಸಿಯಂ ಏರಿಸೋ ಬಿಪಿ ಮಾತ್ರೆ ತಗೊಳ್ಳೋರು ಮಾತ್ರ ಈ ಎರಡರಲ್ಲಿ ಯಾವುದು ಅಂತ ಯೋಚಿಸೋ ಮೊದಲು ಡಾಕ್ಟ್ರನ್ನ ಕೇಳ್ಬೇಕು, ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿನೇ. ಅವರು ಸ್ವಲ್ಪ ತಿನ್ನಬಹುದು ಅಂತ ಹೇಳಿದ್ರೆ ಮೇಲೆ ಹೇಳಿದ ಸಿಪ್ಪೆಯ ನಿಯಮ ನಿಮಗೆ ಉಲ್ಟಾ: ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರನ್ನ ಸಾರಿಗೆ ಹಾಕದೆ ಚೆಲ್ಲಿಬಿಡಿ.